ರೋಹಿಣಿ ಐದರ ಬಸ್ಸು ಬಿಟ್ಟ ದಿನ

ರೋಹಿಣಿಗೆ ಸುಮ್ಮನೆ ಕೂರುವುದು ಗೊತ್ತೇ ಇಲ್ಲ. ನಾನು ಪಾಠ ಮಾಡುತ್ತಿದ್ದರೆ ಮೊದಲ ಬೆಂಚಿನ ಕೆಳಗೆ ಅವಳ ಬಲಗಾಲು ಕುಣಿಯುತ್ತಲೇ ಇರುತ್ತದೆ. ನಾಲ್ಕೂವರೆ ಆಯಿತೆಂದರೆ ಮಡಚಿಟ್ಟ ಬಿಳಿ ಕೋಲನ್ನು ಬಿಚ್ಚಿಕೊಂಡು ಎದ್ದೇಬಿಡುತ್ತಾಳೆ. ಗುಡಗೇರಿಗೆ ಐದಕ್ಕೊಂದು ಬಸ್ಸು. ಅದು ತಪ್ಪಿದರೆ ಅವಳ ಅಪ್ಪ ಸಂಗನಬಸವ ಕಾಳಿನ ಅಂಗಡಿಯ ಬಾಗಿಲು ಹಾಕಿ ಗಾಡಿ ತೆಗೆದುಕೊಂಡು ಬರಬೇಕು. ಬಂದವನು ದಾರಿಯುದ್ದಕ್ಕೂ "ಅದಕ್ಕ ಮನ್ಯಾಗ ಕುಂದ್ರು ಅಂದಿದ್ದೆ" ಅನ್ನದೆ ಬಿಡುವುದಿಲ್ಲ. ಆ ಒಂದು ಮಾತು ಕೇಳಬಾರದೆಂದೇ ಅವಳು ಬಿಎ ಮೂರನೇ ವರ್ಷದವರೆಗೂ ಆ ಬಸ್ಸನ್ನು ತಪ್ಪಿಸಿಕೊಂಡವಳಲ್ಲ.

ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ನಾನು ಅದೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಹುಬ್ಬಳ್ಳಿಯಿಂದ ಬಂದು ಹೋಗುತ್ತೇನೆ. ಕುಂದಗೋಳ ತಾಲೂಕಿನ ಕಾಲೇಜು ಅಂದರೆ ಸಾಕು, ಹೆಸರು ಬೇಡ. ಹೆಸರು ಹೇಳಿದರೆ ಮುಂದಿನ ವರ್ಷ ನನ್ನನ್ನು ಅತಿಥಿಯಾಗಿಯೂ ಕರೆಯಲಿಕ್ಕಿಲ್ಲ.

ಹೋದ ಸೆಮಿಸ್ಟರಿನವರೆಗೆ ಅವಳ ಪರೀಕ್ಷೆಯನ್ನು ಮಹಾಲಕ್ಷ್ಮಿ ಎಂಬ ಪಿಯು ಹುಡುಗಿ ಬರೆಯುತ್ತಿದ್ದಳು. ಇವಳು ಹೇಳಬೇಕು, ಅವಳು ಬರೆಯಬೇಕು. ಪಾಪದ ಹುಡುಗಿ, ಬಲು ಒಳ್ಳೆಯವಳು, ಆದರೆ ಬೇಗ ಕೈ ಸೋಲುತ್ತಿತ್ತು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ "ಅಕ್ಕಾ, ಇಷ್ಟ ಸಾಕ ಬಿಡ" ಅನ್ನುತ್ತಿದ್ದಳು. ಗೇಣಿದಾರರ ಕಾಯ್ದೆಯ ಬಗ್ಗೆ ರೋಹಿಣಿ ಹತ್ತು ನಿಮಿಷ ಬಿಡದೆ ಹೇಳಿದ್ದು ಉತ್ತರ ಪತ್ರಿಕೆಯಲ್ಲಿ ನಾಲ್ಕೇ ಸಾಲಾಗಿ ಕೂತಿತ್ತು. ಫಲಿತಾಂಶ ಬಂದ ದಿನ ಅವಳು ಸಿಟ್ಟಿನಿಂದ ಕೋಲು ಕುಟ್ಟುತ್ತ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ಮೇಡಂ, ನಾ ಫೇಲಾದ್ರೂ ಅಡ್ಡಿಯಿಲ್ಲ. ಆದ್ರ ನಾ ಹೇಳಿದ್ದಕ್ಕ ನಾನ ಫೇಲಾಗಬೇಕು."

ಆಮೇಲೆ ಅವಳು ಸುಮ್ಮನಿರಲಿಲ್ಲ. ಎರಡು ಸಾವಿರದ ಹದಿನಾರರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಫೋನಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತ ಬರುತ್ತ ಕೇಳಿದಳು. ಕೇಳಿದ್ದನ್ನು ಪ್ರಿನ್ಸಿಪಾಲ ಶಿದ್ಲಿಂಗಪ್ಪನವರ ಮುಂದೆ ಒಪ್ಪಿಸಿದಳು. ತಾನು ಓದಬಲ್ಲ ರೂಪದಲ್ಲಿ ಪ್ರಶ್ನೆ ಕೊಡಬೇಕು, ಕಂಪ್ಯೂಟರಿನಲ್ಲಿ ತಾನೇ ಉತ್ತರ ಬರೆಯುತ್ತೇನೆ ಎಂದಳು. ಅಷ್ಟರಲ್ಲಿ ಮೇಲಿನಿಂದಲೂ ವಿಕಲಚೇತನರಿಗೆ ಸೌಲಭ್ಯ ಮಾಡಿಕೊಡಿ ಎಂಬ ಒಂದು ಸುತ್ತೋಲೆ ಬಂದಿತ್ತು. ಅದಕ್ಕೆ ಹೆದರಿ ನಮ್ಮವರು ಮೆಟ್ಟಿಲ ಪಕ್ಕಕ್ಕೆ ಒಂದು ಇಳಿಜಾರು ಕಟ್ಟಿಸಿ, ಫೋಟೋ ತೆಗೆಸಿ, ಅದರ ಮೇಲೆ ಬೈಕ್ ನಿಲ್ಲಿಸುತ್ತಿದ್ದರು. ಕಂಪ್ಯೂಟರ್ ಎಂದ ಕೂಡಲೇ ಶಿದ್ಲಿಂಗಪ್ಪನವರು ಚೌಕಾಸಿಗೆ ಇಳಿದರು. ಮೊದಲು ಕಾಲೇಜಿನ ಆಂತರಿಕ ಪರೀಕ್ಷೆಯನ್ನು ಹಾಗೆ ಬರೆಯಲಿ. ಸುಸೂತ್ರ ಆದರೆ ಸೆಮಿಸ್ಟರಿಗೂ ಹಾಗೇ ಬರೆಸಲು ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡುತ್ತೇನೆ. ಏನಾದರೂ ತೊಡಕು ಬಂದರೆ ಮತ್ತೆ ಮಹಾಲಕ್ಷ್ಮಿಯೇ ಗತಿ ಎಂದರು.

ಪರೀಕ್ಷೆ ಮಧ್ಯಾಹ್ನ ಎರಡು ಗಂಟೆಗೆ, ಎರಡು ತಾಸಿನದು. ಅವಳ ಕೋಣೆಗೆ ನಾನೇ ಮೇಲ್ವಿಚಾರಕಿ. ಕಚೇರಿಯ ಟೈಪಿಸ್ಟ್ ಮಡಿವಾಳೆಪ್ಪ ಪೆನ್‌ಡ್ರೈವ್ ಹಿಡಿದುಕೊಂಡು ಮದುಮಗನ ಹಾಗೆ ಬಂದ. ಆತ ಇಡೀ ಜೀವನ ಕನ್ನಡ ಟೈಪು ಮಾಡಿದವನು. ಪ್ರಿನ್ಸಿಪಾಲರು "ಆ ಹುಡಿಗಿಗೆ ಓದಾಕ ಬರೂ ಹಂಗ ಮಾಡಪಾ" ಅಂದಿದ್ದಕ್ಕೆ ಜೀವ ಒತ್ತೆಯಿಟ್ಟು ದುಡಿದಿದ್ದ. ಪರದೆಯ ಮೇಲೆ ಪ್ರಶ್ನೆಪತ್ರಿಕೆ ತೆರೆದಾಗ ನಾನು ದಂಗಾದೆ. ಒಂದೊಂದು ಅಕ್ಷರ ಅಂಗೈಯಷ್ಟು ದಪ್ಪ. ಸುತ್ತ ಬಳ್ಳಿಯ ಅಂಚು. ಒಂದು ಪ್ರಶ್ನೆಗೆ ಒಂದು ಪುಟ.

"ಹೆಂಗೈತ್ರಿ ಮೇಡಂ? ಆಕಿ ಸಲುವಾಗಿ ಅಗದಿ ದೊಡ್ಡದ ಮಾಡೇನಿ" ಅಂದ.

ಏನು ಹೇಳುವುದು? ಕಾಣದವಳಿಗೆ ಅಕ್ಷರ ಎಷ್ಟು ದಪ್ಪವಿದ್ದರೇನು. ಆದರೆ ಆ ಮನುಷ್ಯನ ಮುಖ ನೋಡಿ ನನಗೆ ನಗುವುದೂ ಆಗಲಿಲ್ಲ, ಬೈಯುವುದೂ ಆಗಲಿಲ್ಲ.

ರೋಹಿಣಿ ಇಯರ್‌ಫೋನ್ ಹಾಕಿಕೊಂಡು, ಪರದೆಯ ಮೇಲಿದ್ದುದನ್ನು ಕಂಪ್ಯೂಟರ್ ಓದಿ ಹೇಳುವ ಕೀಲಿ ಒತ್ತಿದಳು. ಅವಳ ಕಾಲು ಕುಣಿಯುವುದು ನಿಂತಿತು. ಇನ್ನೊಮ್ಮೆ ಒತ್ತಿದಳು.

"ಕಾಕಾ, ಇದೇನ್ರಿ ಇದು?"

"ಯಾಕವಾ, ಎಷ್ಟು ಚೆಂದ ಕಾಣಾಕತ್ತೈತಿ!"

ಅವಳು ಇಯರ್‌ಫೋನಿನ ವೈರು ಕಿತ್ತಳು. ಕಂಪ್ಯೂಟರಿನ ದನಿ ಕೋಣೆಗೆಲ್ಲ ಕೇಳಿತು. "ಪಿ, ಎ, ಪೌಂಡ್, ಎ, ಕ್ಯೂ, ಎ, ಪೌಂಡ್..." ಒಂದೇ ಒಂದು ಕನ್ನಡ ಮಾತಿಲ್ಲ. ಮಡಿವಾಳೆಪ್ಪ ತಾನು ಟೈಪು ಮಾಡಿದ್ದನ್ನು ಕಿವಿಯಿಂದ ಕೇಳಿದ್ದು ಅದೇ ಮೊದಲು.

ನಮ್ಮ ಕಚೇರಿಗಳಲ್ಲಿ ಇನ್ನೂ ಇರುವ ಹಳೆಯ ಫಾಂಟಿನ ಕಥೆಯೇ ಇದು. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಹೊರಗೆ ಹಾಕಿದ್ದು ಕನ್ನಡದ ವೇಷ. ಕಣ್ಣಿದ್ದವರಿಗೆ ವೇಷ ಕಾಣುತ್ತದೆ, ಓದಿ ಹೇಳುವ ಯಂತ್ರ ಒಳಗಿನದನ್ನೇ ಹೇಳುತ್ತದೆ. ಇಷ್ಟು ವರ್ಷ ಇದು ಯಾರಿಗೂ ತೊಡಕಾಗಿರಲಿಲ್ಲ, ಯಾಕೆಂದರೆ ಕೇಳಿ ಓದುವವರು ಯಾರೂ ಈ ಕಾಲೇಜಿಗೆ ಬಂದೇ ಇರಲಿಲ್ಲ.

ಗದ್ದಲ ಕೇಳಿ ಶಿದ್ಲಿಂಗಪ್ಪನವರು ಬಂದರು. ಬಂದವರ ಮುಖದಲ್ಲಿ, ಹೇಳಿಬಿಡುತ್ತೇನೆ, ಸ್ವಲ್ಪ ಸಮಾಧಾನವೇ ಇತ್ತು. "ನಾ ಹೇಳಿದ್ನಿಲ್ಲೋ? ಮಹಾಲಕ್ಷ್ಮೀನ ಕರೀರಿ" ಅಂದರು.

ರೋಹಿಣಿ ಕುರ್ಚಿಯ ಕೈ ಹಿಡಿದುಕೊಂಡಳು. "ಬ್ಯಾಡ್ರಿ ಸರ್. ತೊಡಕು ನನ್ನದಲ್ಲ, ಪತ್ರಿಕೀದು. ಕಾಕಾ, ನಿಮ್ಮ ಟೈಪಿನ ಪಟ್ಟಿಯೊಳಗ ಯುನಿಕೋಡ್ ಅಂತ ಒಂದು ಐತಿ ನೋಡ್ರಿ. ಅದನ್ನ ಒತ್ತಿ ಮತ್ತ ಟೈಪ್ ಮಾಡ್ರಿ, ಒಳಗೂ ಕನ್ನಡನ ಇರತೈತಿ. ಕೀಲಿ ಎಲ್ಲಾ ಅವ ಅದಾವು."

ಅದು ಇತ್ತು. ಮೂಲೆಯಲ್ಲಿ, ಯಾರೂ ಮುಟ್ಟದೆ, ಮೊದಲಿನಿಂದಲೂ ಇತ್ತು. ಮಡಿವಾಳೆಪ್ಪ ಅಲ್ಲೇ ಕೂತು ಟೈಪು ಮಾಡತೊಡಗಿದ. ಅವಸರಕ್ಕೆ ತಪ್ಪಾಗುತ್ತಿತ್ತು, ಅಳಿಸುತ್ತಿದ್ದ, ಮತ್ತೆ ಹೊಡೆಯುತ್ತಿದ್ದ. ಬಾಜೂ ಕೋಣೆಯಲ್ಲಿ ಉಳಿದವರು ಬರೆಯುತ್ತಿದ್ದರು. ಗಡಿಯಾರದ ಮುಳ್ಳು ನೋಡಿ ನೋಡಿ ನನಗೇ ತಲೆ ಕೆಟ್ಟಿತು. ರೋಹಿಣಿಯ ಕಾಲು ಮತ್ತೆ ಕುಣಿಯತೊಡಗಿತ್ತು. ಪ್ರಶ್ನೆಗಳು ಕನ್ನಡದಲ್ಲಿ ಮಾತಾಡಿದಾಗ ಮೂರು ಗಂಟೆ ದಾಟಿತ್ತು.

ಆಮೇಲೆ ಅವಳು ಬರೆದದ್ದನ್ನು ನೋಡಬೇಕಿತ್ತು. ಕೀಲಿಮಣೆಯ ಮೇಲೆ ಕೈ ಓಡಿದ್ದೇ ಓಡಿದ್ದು. ಕಣ್ಣು ಕಾಣದವರಿಗೆ ಎಂದಿನಂತೆ ಕೊಡುವ ಹೆಚ್ಚುವರಿ ಸಮಯವೂ ಸೇರಿ ನಾಲ್ಕು ನಲವತ್ತಕ್ಕೆ ಗಂಟೆ ಹೊಡೆದಾಗ ಆರು ಪ್ರಶ್ನೆಗಳಲ್ಲಿ ನಾಲ್ಕು ಮುಗಿದಿದ್ದವು. ಬಾಗಿಲಲ್ಲಿ ನಿಂತಿದ್ದ ಶಿದ್ಲಿಂಗಪ್ಪನವರಿಗೆ ಆಗ ನಿಜವಾಗಿಯೂ ಕರುಣೆ ಬಂದಿತ್ತು.

"ಇರ್ಲಿ ಬಿಡು ತಂಗಿ. ಉಳಿದ ಎರಡಕ್ಕೂ ಮಾರ್ಕ್ಸ್ ಹಾಕಸ್ತೀನಿ. ನಿನ್ನ ಐದರ ಬಸ್ ಹೋಗ್ತೈತಿ, ಏಳು."

ರೋಹಿಣಿ ಅಭ್ಯಾಸಬಲದಿಂದ ಕೋಲನ್ನು ಬಿಚ್ಚಿದಳು. ಎದ್ದರೆ ತೊಡಕು ಬಂತೆಂದೇ ಲೆಕ್ಕ, ಮತ್ತೆ ಮಹಾಲಕ್ಷ್ಮಿ, ಮತ್ತೆ ನಾಲ್ಕು ಸಾಲು. ಅವಳು ಕೋಲನ್ನು ಎತ್ತಿ, ಒಂದೊಂದೇ ಮಡಿಕೆ ಮಡಚಿ, ಮೇಜಿನ ಆ ಬದಿಗೆ, ಕೈಗೆ ಎಟುಕದಷ್ಟು ದೂರ ಸರಿಸಿದಳು.

"ಬರೀದಿದ್ದಕ್ಕ ಮಾರ್ಕ್ಸ್ ಬ್ಯಾಡ್ರಿ ಸರ್. ನನ್ನ ಒಂದ್ ತಾಸು ಹೋಗೈತಿ. ಅದನ್ನ ಕೊಡ್ರಿ."

ಶಿದ್ಲಿಂಗಪ್ಪನವರು ನನ್ನ ಕಡೆ ನೋಡಿದರು, ಸಹಾಯ ಮಾಡಲಿ ಅಂತ ಇರಬೇಕು. ತಾಸನ್ನು ನಾವೇ ಕಳೆದದ್ದು, ಅವಳದನ್ನು ಅವಳಿಗೆ ಕೊಡುವುದೇ ಸರಿ ಎಂದೆ. ಅವರು ಗಡಿಯಾರ ನೋಡಿದರು, ಬಾಗಿಲ ಬಳಿ ನೆಲಕ್ಕೆ ಕೂತಿದ್ದ ಮಡಿವಾಳೆಪ್ಪನನ್ನು ನೋಡಿದರು. ಕೊನೆಗೆ ಒಂದು ಕುರ್ಚಿ ಎಳೆದುಕೊಂಡು ಕೂತರು.

"ಬರಿ."

ಹೊರಗೆ ಐದರ ಬಸ್ಸು ಹಾರ್ನ್ ಹೊಡೆದು ಹೋದದ್ದು ನಮಗೆಲ್ಲ ಕೇಳಿಸಿತು. ಅವಳಿಗೆ ಎಲ್ಲರಿಗಿಂತ ಮೊದಲೇ ಕೇಳಿಸಿರಬೇಕು. ಬೆರಳು ನಿಲ್ಲಲಿಲ್ಲ. ಮುಗಿದಾಗ ಸಂಗನಬಸವ ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ. "ಅದಕ್ಕ ಮನ್ಯಾಗ..." ಎಂದು ಶುರು ಮಾಡಿದ.

"ಅಪ್ಪಾ, ಇವತ್ತ ಆರೂ ಬರದೇನಿ. ನಾನ ಬರದೇನಿ" ಅಂದಳು ರೋಹಿಣಿ. ಅವನು ಗಾಡಿ ಕಿಕ್ ಹೊಡೆಯುವುದನ್ನೂ ಮರೆತು ಮಗಳ ಕೈ ಹಿಡಿದುಕೊಂಡ.

ಶಿಫಾರಸು ಹೋಗಿದೆ. ವಿಶ್ವವಿದ್ಯಾಲಯದಿಂದ ಇನ್ನೂ ಉತ್ತರವಿಲ್ಲ, ಸೆಮಿಸ್ಟರ್ ಹತ್ತಿರ ಬರುತ್ತಿದೆ, ಬೆಂಚಿನ ಕೆಳಗೆ ಕಾಲು ಮೊದಲಿಗಿಂತ ಜೋರಾಗಿ ಕುಣಿಯುತ್ತಿದೆ. ನಮ್ಮ ಕಚೇರಿಯಲ್ಲಂತೂ ಈಗ ದಿನವಿಡೀ ಯಂತ್ರದ ದನಿ. ಮಡಿವಾಳೆಪ್ಪ ಏನೇ ಟೈಪು ಮಾಡಲಿ, ರಜೆಯ ನೋಟೀಸೇ ಇರಲಿ, ಕಣ್ಣು ಮುಚ್ಚಿ ಒಮ್ಮೆ ಕೇಳದೆ ಕಳಿಸುವುದಿಲ್ಲ. ತಲೆನೋವೆಂದು ಎಲ್ಲರೂ ಬೈಯುತ್ತಾರೆ.

"ಬಾಜೂಕ ಆಕಿ ಕುಂತಾಳಂತ ತಿಳ್ಕೊಂಡು ಕೇಳ್ತೀನ್ರಿ" ಅನ್ನುತ್ತಾನೆ, ಕಣ್ಣು ತೆರೆಯದೆ.