ಅರ್ಜಿ ಬರೆಯುವ ಅಕ್ಕ
ಉದ್ಯೋಗ ಕಚೇರಿಯ ಮೆಟ್ಟಿಲ ಬಳಿ ಕೂತು ಅರ್ಜಿ ಬರೆದುಕೊಡುವ ಅಕ್ಕ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳದೆ ಯಾರಿಂದಲೂ ಸಹಿ ಹಾಕಿಸುವವಳಲ್ಲ. “ಸಂದರ್ಶನದಲ್ಲಿ ಮಕ್ಕಳು ಯಾವಾಗ ಅಂತ ಕೇಳಿದರೆ, ಕೆಲಸದ ವಿಷಯ ಕೇಳಿ ಸ್ವಾಮಿ ಅನ್ನು ತಾಯಿ, ಅದು ನಿನ್ನ ಹಕ್ಕು,” ಎಂದು ಹುಡುಗಿಯರಿಗೆ ಧೈರ್ಯ ತುಂಬುತ್ತಾಳೆ. “ಅಸಲು ಸರ್ಟಿಫಿಕೇಟು ದೇವರೇ ಬಂದು ಕೇಳಿದರೂ ಕೊಡಬೇಡ,” ಎನ್ನುತ್ತಾಳೆ. ಎರಡು ವರ್ಷದ ಅನುಭವವನ್ನು ಐದು ಮಾಡು ಅಂದವರ ಅರ್ಜಿಯನ್ನು ಮಾತ್ರ ಮಡಚಿ ವಾಪಸು ಕೊಡುತ್ತಾಳೆ. ಇಂದು ಎದುರಿಗೆ ಕೂತವನು ಎಂಟು ತಿಂಗಳಿಂದ ಕೆಲಸವಿಲ್ಲದ ಅವಳ ಒಡಹುಟ್ಟಿದ ತಮ್ಮ. ಶಾಲೆಯ ಬಸ್ಸಿಗೆ ಡ್ರೈವರ್ ಬೇಕಾಗಿದ್ದಾನೆ. ‘ಮೂರ್ಛೆ ಬರುತ್ತದೆಯೇ?’ ಎಂಬ ಸಾಲಿಗೆ ಬಂದಾಗ ಅವನು, “ವರ್ಷಕ್ಕೊಂದು ಸಲ ತಾನೇ ಅಕ್ಕಾ? ಇಲ್ಲ ಅಂತ ಬರಿ. ಎಲ್ಲಾ ಹೇಳಬೇಕಿಲ್ಲ ಅಂತ ಆ ಹುಡುಗಿಯರಿಗೆ ನೀನೇ ಹೇಳ್ತೀಯಲ್ಲ,” ಎಂದ. “ನಿನ್ನೊಬ್ಬನ ವಿಷಯ ಆಗಿದ್ರೆ ಹೇಳಬೇಕಿರಲಿಲ್ಲಪ್ಪ. ಬಸ್ಸಿನ ತುಂಬ ಮಕ್ಕಳಿರ್ತಾರೆ,” ಎಂದು ಅಕ್ಕ ಪೆನ್ನು ಹಿಡಿದು ಕಾದಳು. ಕೊನೆಗೆ ಅವನು ತಲೆ ತಗ್ಗಿಸಿ, “ಹೌದು ಅಂತ್ಲೇ ಬರಿ,” ಎಂದ. ಆ ಎರಡಕ್ಷರ ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.