ಪೈಪು ಹಿಡಿಯಲು ಒಬ್ಬರು

ನಮ್ಮವರು ತೀರಿಕೊಂಡ ಮೇಲೆ ಭಾಲ್ಕಿಯಿಂದ ಬಂದ ನಾದಿನಿ ಊಟಕ್ಕೆ ಕೂತಾಗ ಅಂದಳು: "ಕೆಲ್ಸದ ಚಟಾನೇ ನಮ್ಮಣ್ಣಗ ತಿಂತು ನೋಡ್ರಿ ವೈನಿ. ನಿಮಗರ ಏನ್ ವ್ಯಾಳ್ಯಾ ಕೊಟ್ಟ?" ನಾನು ಸಾರು ಬಡಿಸುತ್ತಿದ್ದೆ. ಅವಳು ಹೋದ ಮೇಲೂ ಆ ಮಾತು ಮನೆಯಲ್ಲೇ ಉಳಿಯಿತು. ಅವರಿಗೆ ಬೇಕಾಗಿದ್ದದ್ದು ಬರೀ ಕೆಲಸವೇ ಎಂದು ನಾನೂ ಯೋಚಿಸತೊಡಗಿದೆ.

ಅವರು ಸರ್ಕಾರಿ ಕುಡಿಯುವ ನೀರಿನ ಕಚೇರಿಯಲ್ಲಿದ್ದು ಔರಾದ ಕಡೆಯ ಹಳ್ಳಿಗಳಲ್ಲಿ ಕೈಪಂಪು ರಿಪೇರಿ ಮಾಡುತ್ತಿದ್ದರು. ಬರದ ವರ್ಷಗಳಲ್ಲಿ ನೀರು ಕೆಳಗಿಳಿದಂತೆ ಪಂಪಿನ ಪೈಪು ಎತ್ತಿ, ಇನ್ನೊಂದು ಜೋಡಿಸಿ, ಮತ್ತೆ ಇಳಿಸಬೇಕು. ಆಗ ಒಬ್ಬರು ಪೈಪು ಜಾರದಂತೆ ಪಾನಾ, ಅಂದರೆ ದೊಡ್ಡ ಸ್ಪ್ಯಾನರು, ಹಾಕಿ ಹಿಡಿದು ನಿಲ್ಲಬೇಕು. ಕೈ ಬಿಟ್ಟರೆ ಎಲ್ಲವೂ ಬೋರಿನೊಳಗೆ. ಈ ಕೆಲಸಕ್ಕೆ ಆಯಾ ಊರಿನ ಗಂಡಸರೇ ಕೈಜೋಡಿಸುವುದು ರೂಢಿ. ಆದರೆ ಗಟ್ಟಿ ತೋಳಿನವರೆಲ್ಲ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗಿದ್ದರು. "ಊರಾಗ ಮುದುಕರಷ್ಟೇ ಅದಾರ. ಬುತ್ತಿ ಕಟ್ಟು, ನೀನೂ ಬಾ," ಅಂದರು ಇವರು. ಅವರು ರಜೆಯ ದಿನವೂ ಕೆಲಸಕ್ಕೆ ಹೊರಡುತ್ತಿದ್ದರು; ಹೀಗೆ ಆ ದಿನಗಳಲ್ಲಿ ಪಾನಾ ನನ್ನ ಕೈಗೆ ಬಂತು.

ಆಗಲೇ ಕಚೇರಿಯ ನೌಕರರಲ್ಲಿ ಮನಸ್ಸಿಟ್ಟು ದುಡಿಯುವವರು ಯಾರು, ಬಿಡಲಾಗದೆ ದುಡಿಯುವವರು ಯಾರು ಎಂದು ಅಳೆಯಲು ಬೀದರಿನ ಕಾಲೇಜಿನಿಂದ ಒಬ್ಬ ಹುಡುಗಿ ಪ್ರಶ್ನೆಪಟ್ಟಿ ಹಿಡಿದು ಬಂದಳು. ಇವರು ಕಚೇರಿಯಲ್ಲಿ ಸಿಗದ ಕಾರಣ ಮನೆಗೇ ಬಂದು ಕೂತಳು.

"ಛುಟ್ಟಿ ದಿನ ಸುಮ್ನ ಕೂತ್ರ ತಪ್ಪು ಮಾಡಿದಂಗ ಅನಸ್ತದೇನ್ರಿ?"

"ಸುಮ್ನ ಕೂತೇ ಇಲ್ರಿ. ಹ್ಯಾಂಗ ಹೇಳ್ಲಿ?"

"ಕೆಲ್ಸದಾಗ ಹೊತ್ತು ಹೋಗಿದ್ದು ಗೊತ್ತಾಗಲ್ಲೇನ್ರಿ?"

"ಇಕಿಗಿ ಕೇಳ್ರಿ. ಹೊತ್ತಾತು, ನಡೀರಿ ಅಂತ ಒದರೋಳು ಇಕಿನೇ."

ಹುಡುಗಿ ನಕ್ಕಳು. "ಕೆಲ್ಸದ ಸಲುವಾಗಿ ಮನಿಯವರಿಗಿ ವ್ಯಾಳ್ಯಾ ಕೊಡ್ಲಿಕ್ಕ ಆಗಲ್ಲೇನ್ರಿ?"

"ಮನಿಯವರು ಪೈಪು ಹಿಡ್ಕೊಂಡು ಎದುರಿಗೇ ನಿಂತಿರ್ತಾರಲ್ರಿ."

ಅವಳು ಪೆನ್ನು ಎತ್ತಿದವಳು ಹಾಗೇ ನನ್ನ ಕಡೆ ನೋಡಿದಳು. "ಅಕ್ಕೋರೆ, ಇದಕ್ಕ ಹೌದು ಅಂತ ಬರೀಲೋ, ಇಲ್ಲ ಅಂತ ಬರೀಲೋ?"

ಪೈಪು ಹಿಡಿದಿದ್ದ ನನ್ನ ಭುಜ ಇನ್ನೂ ನೋಯುತ್ತಿತ್ತು. "ಚಹಾ ಆರ್ತದ, ಕುಡೀರಿ," ಅಂದೆ.

ಮೊನ್ನೆ ಅವರ ಪಾನಾ ಒರೆಸಿಡುವಾಗ ಒಂದು ದೀಪಾವಳಿ ನೆನಪಾಯಿತು. ದುಡಿಯಲು ಹೋದವರು ಹಬ್ಬಕ್ಕೆ ಮರಳಿದ್ದರು. ಗಡಿಯ ಹಳ್ಳಿಯೊಂದರಲ್ಲಿ ಪಂಪಿನ ಸುತ್ತ ಗಂಡಸರೇ ತುಂಬಿದ್ದರು. ನಾನು ಸೆರಗು ಸಿಕ್ಕಿಸಿ ಮುಂದೆ ಹೋದರೆ ಒಬ್ಬಾತ ಪಾನಾ ಕಸಿದುಕೊಂಡ.

"ಇಷ್ಟ್ ಮಂದಿ ಇದ್ದೀವಿ ಸಾಹೇಬ್ರ, ಅಕ್ಕೋರಿಗಿ ಯಾಕ ತ್ರಾಸು ಕೊಟ್ರಿ?"

"ಮತ್ತ ಬುತ್ತಿ ನೀ ಬಿಚ್ಚಿ ಉಣಸ್ತೀಯೇನು?"

ಎಲ್ಲರೂ ನಕ್ಕರು. ನಾನು ಬೇವಿನ ನೆರಳಿಗೆ ಹೋಗಿ ಕೂತೆ. ಅವರು ಕೆಲಸದ ನಡುವೆ ಆಗಾಗ ತಿರುಗಿ ನೋಡುತ್ತಿದ್ದರು. ನೀರು ಬಂದಾಗ ಒಂದು ಚೊಂಬು ತುಂಬಿ ತಂದು ನನ್ನ ಮುಂದಿಟ್ಟರು.

ಊರಿಗೆ ಗಂಡಸರು ಬಂದಿದ್ದಾರೆ, ಈ ಸಲ ಆಳಿನ ಚಿಂತೆಯಿಲ್ಲ ಎಂದು ಹಿಂದಿನ ದಿನವೇ ನನಗೆ ಹೇಳಿದ್ದವರು ಅವರೇ. ಆದರೂ ಬೆಳಗ್ಗೆ ಬುತ್ತಿ ಕಟ್ಟು, ನೀನೂ ಬಾ ಅಂದಿದ್ದರು. ನಾದಿನಿ ಮತ್ತೆ ಬಂದಾಗ ಇದನ್ನು ಹೇಳಬೇಕು.