ಟ್ರಕ್ಕಿನ ಮೂತಿಯ ಬೋಲ್ಟು

ರಾಯ್ನಾಳ ಹೆಸರು ಕಾಲಿನಾಳ ಕಿವಿಗೆ ಮೊದಲು ಬಿದ್ದದ್ದು ಮೆಣಸಿನಕಾಯಿ ಸುಡುವ ದಿನ. ಚಳಿಗಾಲಕ್ಕೆ ಶೀಶೆ ತುಂಬಿಸಿಡಲು ಹೆಂಗಸರೆಲ್ಲ ಅಂಗಳದ ತಗಡಿನ ಒಲೆ ಸುತ್ತ ಕೂತು, ದಪ್ಪ ಕೆಂಪು ಮೆಣಸಿನಕಾಯಿಯ ಸುಟ್ಟ ಸಿಪ್ಪೆ ಸುಲಿಯುತ್ತಿದ್ದರು. ಚಿಕ್ಕಮ್ಮ ಕಾಲಿನಾಳ ಮದುವೆ ಮಾತು ತೆಗೆದಳು.

"ಹುಡುಗ ದೊಬ್ರಿ ಒಳ್ಳೆಯವನೇ ಕಣೇ. ಆದರೆ ಅವನಮ್ಮ ರಾಯ್ನಾ ಟ್ರಕ್ ಓಡಿಸ್ತಾಳೆ. ಗಂಡಸಿನ ಹಾಗೆ ಅದರಡಿ ಅಂಗಾತ ಮಲಗಿರ್ತಾಳಂತೆ. ಮನೆಗೆ ಹೋದವರಿಗೆ ಬರೀ ಕಾಲು ಕಾಣಿಸುತ್ತಂತೆ!"

"ಒಳ್ಳೇದೇ ಆಯ್ತು ಬಿಡು," ಅಂದಳು ಕಾಲಿನಾಳ ಅಮ್ಮ. "ಅತ್ತೆ ಟ್ರಕ್ಕಿನಡಿ ಇದ್ದರೆ ಅಡುಗೆಮನೆ ಸೊಸೆಗೆ ಸಿಗುತ್ತೆ."

ಎಲ್ಲರೂ ನಕ್ಕರು. ಕಾಲಿನಾಳೂ ನಕ್ಕಳು. ಮದುವೆಯ ದಿನ ಚರ್ಚಿನಲ್ಲಿ ದೊಬ್ರಿ ತನ್ನ ಕಾಲು ತುಳಿಯುವ ಮುಂಚೆ ತಾನೇ ಅವನ ಕಾಲು ತುಳಿದೂ ಬಿಟ್ಟಳು. ಯಾರು ಮೊದಲು ತುಳಿಯುತ್ತಾರೋ ಮನೆಯಲ್ಲಿ ಅವರ ಮಾತು ನಡೆಯಬೇಕು ಅನ್ನುವುದು ಅಲ್ಲಿನ ರೂಢಿ. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ದೊಬ್ರಿಯ ಮಾತೂ ಅಲ್ಲ, ಕಾಲಿನಾಳ ಮಾತೂ ಅಲ್ಲ.

ಊರಿನ ಸಹಕಾರಿ ಬೇಸಾಯ ಮುರಿದುಬಿದ್ದು ಎಲ್ಲರೂ ಪಾಲು ಹಂಚಿಕೊಂಡಾಗ, ಬೇರೆಯವರು ಹಸು ಹೊಡೆದುಕೊಂಡು ಹೋದರು, ನೇಗಿಲು ಒಯ್ದರು. ರಾಯ್ನಾ ತಾನು ಓಡಿಸುತ್ತಿದ್ದ ಹಳೇ ರಷ್ಯನ್ ಟ್ರಕ್ಕನ್ನೇ ಕೇಳಿ ತಂದಳು. ಕಲ್ಲಂಗಡಿ, ಸೌದೆ, ಮದುಮಗಳ ಮಂಚ, ಏನಿದ್ದರೂ ಹೇರಿದಳು. ಬ್ಯಾಟರಿ ಮೇಲೆ ಅವಳಿಗೆ ನಂಬಿಕೆಯೇ ಇರಲಿಲ್ಲ. ಹಿಮ ಬಿದ್ದ ಬೆಳಗಲ್ಲಿ ಟ್ರಕ್ಕಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಒಳಗಿನ ದೊಡ್ಡ ಬೋಲ್ಟಿನ ಎರಡು ಕೊಂಬಿಗೆ ಅದನ್ನು ಸಿಕ್ಕಿಸಿ, ಗರಗರ ತಿರುಗಿಸಿ ಎಬ್ಬಿಸುತ್ತಿದ್ದಳು. "ಹೆಬ್ಬೆರಳು ಸುತ್ತಿ ಹಿಡೀಬೇಡ, ಎಂಜಿನ್ ಒದ್ದರೆ ಮೂಳೆ ಹೋಗುತ್ತೆ," ಎಂದು ಸೊಸೆಗೆ ಹೇಳಿಕೊಟ್ಟಳು. ಹ್ಯಾಂಡಲ್ ಮಾತ್ರ ಕೈಗೆ ಕೊಡಲಿಲ್ಲ. ಸ್ಪ್ಯಾನರನ್ನೂ ಯಾರಿಗೂ ಕೊಟ್ಟವಳಲ್ಲ.

ರಾಯ್ನಾಳಿಗೂ ಟ್ರಕ್ಕಿಗೂ ವಯಸ್ಸಾಯಿತು. ಒಂದು ಶರತ್ಕಾಲ ಟ್ರಕ್ಕಿನ ಮುಂದೆ ಆಯಿಲ್ ಸುರಿಯತೊಡಗಿತು. ಬೆಲ್ಟು ಸುತ್ತುವ ಪುಲ್ಲಿಯ ಹಿಂದೆ ಆಯಿಲ್ ತಡೆಯುವ ಸೀಲು ಹೋಗಿತ್ತು. ಸೀಲು ಬದಲಿಸಬೇಕಾದರೆ ಪುಲ್ಲಿ ಕಳಚಬೇಕು, ಪುಲ್ಲಿ ಕಳಚಬೇಕಾದರೆ ಅದೇ ಕೊಂಬಿನ ಬೋಲ್ಟು ಬಿಚ್ಚಬೇಕು.

"ಗುಜರಿಯವನಿಗೆ ಹೇಳಿಬಿಟ್ಟಿದೀನಿ ಅಮ್ಮ," ಅಂದ ದೊಬ್ರಿ. "ಶನಿವಾರ ಬರ್ತಾನೆ. ಅಷ್ಟರಲ್ಲಿ ಓಡಿದರೆ ಇರಲಿ, ಇಲ್ಲಾಂದ್ರೆ ಎತ್ಕೊಂಡು ಹೋಗ್ಲಿ."

"ನನ್ನನ್ನೂ ಅವನೇ ಎತ್ಕೊಂಡು ಹೋಗ್ತಾನೋ, ಬೇರೆಯವನು ಬರ್ತಾನೋ?"

ದೊಬ್ರಿ ದ್ರಾಕ್ಷಿತೋಟಕ್ಕೆ ಹೋದ.

ರಾಯ್ನಾ ರೇಡಿಯೇಟರ್ ಕಳಚಿಟ್ಟಳು. ಬೋಲ್ಟಿಗೆ ಸೀಮೆಎಣ್ಣೆ ಕುಡಿಸಿದಳು, ಬೆಂಕಿ ಹಿಡಿದಳು, ಸುತ್ತಿಗೆಯಲ್ಲಿ ತಟ್ಟಿದಳು. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿದಳು. ಎಂಜಿನ್ ತಿರುಗದಿರಲೆಂದು ಟಾಪ್ ಗೇರಿಗೆ ಹಾಕಿ, ಬ್ರೇಕ್ ತುಳಿಯಲು ಕಾಲಿನಾಳನ್ನು ಒಳಗೆ ಕೂರಿಸಿದಳು.

"ಒತ್ತಿದೆಯಾ?"

"ಒತ್ತಿದೀನಿ ಅತ್ತೆ."

"ಏನು ಒತ್ತೋದು ಅದು! ಮದುವೆ ದಿನ ನನ್ನ ಮಗನ ಕಾಲು ತುಳಿದೆಯಲ್ಲ, ಹಾಗೆ ತುಳಿ!"

ಗಾಜಿನಾಚೆ ಅತ್ತೆಯ ತಲೆವಸ್ತ್ರ ಕೆಳಗಿಳಿಯುತ್ತಿತ್ತು, ಮೇಲೇಳುತ್ತಿತ್ತು. ಬೋಲ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಮೂರು ದಿನ ಇದೇ ಆಯಿತು. ಶುಕ್ರವಾರ ತಲೆವಸ್ತ್ರ ಕೆಳಗಿಳಿದದ್ದು ಮತ್ತೆ ಮೇಲೇಳಲಿಲ್ಲ. ಕಾಲಿನಾ ಬ್ರೇಕ್ ಬಿಟ್ಟಳು. ಇಳಿದು ಓಡಿದಳು.

ರಾಯ್ನಾ ನೆಲದ ಮೇಲೆ ಕೂತಿದ್ದಳು. ಏನೂ ಆಗಿರಲಿಲ್ಲ. ಬೋಲ್ಟನ್ನೇ ನೋಡುತ್ತಿದ್ದಳು.

"ಇದನ್ನ ಇಷ್ಟು ಬಿಗಿ ಮಾಡಿದ್ದು ಯಾರು ಗೊತ್ತಾ?"

"ಫ್ಯಾಕ್ಟರಿಯವರಾ ಅತ್ತೆ?"

"ನಾನು ಕಣೇ. ಹ್ಯಾಂಡಲ್ ತಿರುಗಿಸೋ ದಿಕ್ಕೇ ಬೋಲ್ಟು ಬಿಗಿಯಾಗೋ ದಿಕ್ಕು. ಚಳಿಗಾಲದಲ್ಲಿ ದಿನಾ ಬೆಳಗ್ಗೆ ಒಂದಿಷ್ಟು, ಒಂದಿಷ್ಟು. ನನ್ನ ಹರೆಯದ ಬಲವೆಲ್ಲ ಅದರೊಳಗೆ ಕೂತಿದೆ. ಈಗ ಮುದುಕಿಯಾಗಿ ಬಂದು ವಾಪಸ್ ಕೊಡು ಅಂದ್ರೆ ಕೊಡುತ್ತಾ?"

ಸ್ಪ್ಯಾನರ್ ಕೊಡಿ ಅನ್ನುವ ಧೈರ್ಯ ಕಾಲಿನಾಳಿಗೆ ಬರಲಿಲ್ಲ. ರಾಯ್ನಾ ಸೊಸೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು, ಸಂತೆಯಲ್ಲಿ ಎಮ್ಮೆ ನೋಡಿದ ಹಾಗೆ.

"ನೀನು ನನ್ನ ಎರಡರಷ್ಟು ತೂಕ ಇದೀಯ. ಅದನ್ನ ಸೀಟಿನ ಮೇಲೆ ಕೂರಿಸಿಟ್ಟಿದೀನಲ್ಲ, ಎಂಥ ಪೆದ್ದಿ ನಾನು."

"ನಿಮ್ಮ ಮನೆ ಅನ್ನದ ತೂಕವೇ ಅತ್ತೆ."

"ಹಾಗಾದ್ರೆ ಋಣ ತೀರಿಸು. ಹಿಡಿ."

ಪೈಪನ್ನು ಅವಳ ಕೈಗೆ ಇಟ್ಟು ತಾನು ಒಳಗೆ ಹತ್ತಿದಳು. ಹತ್ತುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಕಾಲಿನಾ ನೋಡದವಳಂತೆ ಆಚೆ ತಿರುಗಿದಳು.

"ಎಳೀಬೇಡ! ಜೋತುಬೀಳು! ಇಡೀ ಮೈ ಬಿಡು!"

ಕಾಲಿನಾ ಪೈಪಿಗೆ ಜೋತುಬಿದ್ದಳು. ಬಂದೂಕು ಹಾರಿದಂತೆ ಸದ್ದಾಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದಳು, ಸ್ಕರ್ಟೆಲ್ಲ ಆಯಿಲ್ ಆಗಿತ್ತು.

"ಅತ್ತೇ, ಏನೋ ಮುರೀತು!"

"ಬೋಲ್ಟೋ, ನಿನ್ನ ಸೊಂಟವೋ?"

ಎರಡೂ ಅಲ್ಲ. ಬೋಲ್ಟು ಬೆರಳಲ್ಲಿ ತಿರುಗುವಷ್ಟು ಸಡಿಲಾಗಿತ್ತು. ಸಂಜೆಯೊಳಗೆ ಹೊಸ ಸೀಲು ಕೂತಿತು. ಬೋಲ್ಟನ್ನು ಮತ್ತೆ ಬಿಗಿ ಮಾಡಿದವಳೂ ಕಾಲಿನಾಳೇ. ಅತ್ತೆ ಪಕ್ಕದಲ್ಲಿ ಕೂತು ಸಿಗರೇಟು ಸೇದುತ್ತ ಬೈಯುತ್ತಿದ್ದಳು, ಅಷ್ಟೆ. ಶನಿವಾರ ಗುಜರಿಯವನು ಬಂದಾಗ ಟ್ರಕ್ಕು ಅಂಗಳದಲ್ಲಿ ಗುಡುಗುಡು ಅನ್ನುತ್ತಿತ್ತು. ಅವನು ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಕುಡಿದು, ಒಡೆದ ಒಲೆಯೊಂದನ್ನು ಹೇರಿಕೊಂಡು ಹೋದ.

ಅವನು ಹೋದಮೇಲೆ ರಾಯ್ನಾ ಡ್ರೈವರ್ ಸೀಟು ಬಿಟ್ಟು ಪಕ್ಕಕ್ಕೆ ಸರಿದಳು. "ಬಾ, ಓಡಿಸೋದು ಕಲಿ," ಅಂದಳು. ಆ ಚಳಿಗಾಲವೆಲ್ಲ ಕಾಲಿನಾ ಸೌದೆ ಹೇರಿದಳು. ಪಕ್ಕದಲ್ಲಿ ಕೂತ ರಾಯ್ನಾ, ಸೊಸೆ ಗೇರು ಹಾಕಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು. ಬರಬರುತ್ತ ಕಚ್ಚುವುದು ಕಡಿಮೆಯಾಯಿತು.

ಪ್ಲಮ್ ಹೂಬಿಟ್ಟ ಹೊತ್ತಿಗೆ ರಾಯ್ನಾ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಮಗನನ್ನು ನೀರಿಗೆ ಕಳಿಸಿ ಸೊಸೆಯನ್ನು ಹತ್ತಿರ ಕರೆದಳು.

"ನನ್ನನ್ನ ಗುಡ್ಡಕ್ಕೆ ನಮ್ಮ ಟ್ರಕ್ಕಲ್ಲೇ ಒಯ್ಯಿ. ದೊಬ್ರಿ ಕೈಗೆ ಕೊಡಬೇಡ, ಅವನು ಎತ್ತಿ ಎತ್ತಿ ಹಾಕ್ತಾನೆ. ನೀನೇ ಓಡಿಸು. ಸ್ಮಶಾನದ ಏರು ಶುರುವಾಗೋಕೆ ಮುಂಚೆನೇ ಎರಡನೇ ಗೇರಿಗೆ ಬಾ, ಮೇಲೆ ತಲುಪೋತನಕ ಬದಲಾಯಿಸಬೇಡ. ಆಯ್ತಾ?"